ಮೊಲಕ್ಕೆ ಸೊಪ್ಪು ತರೋದು ಅಂದ್ರೆ

ನಮ್ಮ ಮನೆಯಲ್ಲಿ ಮೊಲಗಳಿವೆ ಅಂತ ಗೊತ್ತಾದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ, "ದಿನಕ್ಕೆ ಎಷ್ಟು ಕ್ಯಾರೆಟ್ ಬೇಕಾಗುತ್ತೆ?" ಕಾರ್ಟೂನುಗಳು ಹೇಳಿಕೊಟ್ಟ ಪಾಠ ಅಷ್ಟು ಗಟ್ಟಿಯಾಗಿ ಕೂತಿದೆ. ನಿಜ ಹೇಳಬೇಕೆಂದರೆ ಕ್ಯಾರೆಟ್ ಮೊಲಕ್ಕೆ ಮಿಠಾಯಿ ಇದ್ದ ಹಾಗೆ, ಅಪರೂಪಕ್ಕೆ ಒಂದು ಚೂರು ಸಾಕು. ಅದರ ಊಟ ಹುಲ್ಲು. ಹುಲ್ಲಿನ ಜೊತೆಗೆ ಸೊಪ್ಪು. ಹುಲ್ಲು ಸೊಪ್ಪು ನಮ್ಮೂರಿನಲ್ಲಿ ಕಾಸು ಕೊಟ್ಟು ತರುವ ವಸ್ತುಗಳಲ್ಲ, ಬದುವಿನ ಮೇಲೆ ಸಿಗುವವು. ಹಾಗಂತ ನಾವೂ ಅಂದುಕೊಂಡಿದ್ದೆವು.

ನಾವು ಅಂದರೆ ಪತ್ರಿಕೋದ್ಯಮ ಓದಿ, ಕೆಲವು ವರ್ಷ ಬೆಂಗಳೂರಿನ ಡೆಸ್ಕುಗಳಲ್ಲಿ ರಾತ್ರಿ ಪಾಳಿ ಮಾಡಿ, ಈಗ ತಿಪಟೂರು ಸೀಮೆಯ ಊರಿಗೆ ವಾಪಸ್ಸಾಗಿರುವ ಗಂಡ ಹೆಂಡತಿ. ಜೊತೆಗೆ ನಾಲ್ಕನೇ ಕ್ಲಾಸಿನ ಮಗಳು, ಅವಳ ಅಜ್ಜಿ. ಮಗಳ ಹಟಕ್ಕೆ ಎರಡು ಮೊಲ ಬಂದವು. ಒಂದು ಬಿಳಿ, ಅದರ ಹೆಸರು ಹತ್ತಿ. ಇನ್ನೊಂದು ಬೂದು ಚುಕ್ಕೆಯದು, ಎಳ್ಳು. ಈಗ ಐದಾಗಿವೆ. ಇವು ಯುರೋಪಿನ ಕಾಡುಮೊಲದ ವಂಶದ ಸಾಕುಮೊಲಗಳು. ನಮ್ಮ ಹೊಲಗಳಲ್ಲಿ ಚಂಗನೆ ಹಾರಿ ಓಡುವ ಕಾಡುಮೊಲದ ಜಾತಿಯೇ ಬೇರೆ. ಅದನ್ನು ಹಿಡಿಯುವುದೂ ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಇದನ್ನು ಮೊದಲೇ ಹೇಳಿಬಿಡುತ್ತೇವೆ, ಏಕೆಂದರೆ ಎರಡನೇ ಪ್ರಶ್ನೆ ಯಾವಾಗಲೂ "ಎಲ್ಲಿ ಹಿಡಿದ್ರಿ?" ಅಂತಲೇ ಬರುತ್ತದೆ.

ಮೊಲ ಸಾಕುವುದರಲ್ಲಿ ಗೂಡು, ನೀರು, ನಾಯಿ ಬೆಕ್ಕಿನ ಕಾವಲು ಎಲ್ಲ ಸುಲಭ. ಕಷ್ಟ ಇರುವುದು ಸೊಪ್ಪಿನಲ್ಲಿ. ಯಾವ ಗಿಡ ಯಾವುದು ಅಂತ ಗುರುತು ಹಿಡಿಯುವುದರಲ್ಲಿ. ಮೂರು ವರ್ಷದಿಂದ ದಿನಾ ಬೆಳಿಗ್ಗೆ ಕುಕ್ಕೆ ಹಿಡಿದು ಹೊರಟು ನಾವು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಮೊಲದ ಹೊಟ್ಟೆಯ ವಿಷಯ. ಮೊಲ ವಾಂತಿ ಮಾಡಲಾರದು. ನಾಯಿ ಏನೋ ತಿಂದು ಸರಿಹೋಗದಿದ್ದರೆ ಕಕ್ಕಿ ಬಿಡುತ್ತದೆ, ಮೊಲಕ್ಕೆ ಆ ದಾರಿ ಇಲ್ಲ. ಒಳಗೆ ಹೋದದ್ದು ಹಿಂದಿನಿಂದಲೇ ಹೊರಗೆ ಬರಬೇಕು. ಅದರ ದೊಡ್ಡ ಕರುಳಿನ ಶುರುವಿನಲ್ಲಿ ಒಂದು ಚೀಲ ಇದೆ, ನಾರು ಕೊಳೆತು ಸಾರವಾಗುವುದು ಅಲ್ಲಿ. ಆ ಸಾರವನ್ನು ಮೆತ್ತನೆಯ ಹಿಕ್ಕೆಯಾಗಿ ಹೊರಹಾಕಿ, ಮತ್ತೆ ಬಾಯಿಂದಲೇ ತಿಂದುಕೊಳ್ಳುತ್ತದೆ. ಮೊದಲ ಸಲ ನೋಡಿದವರು ಮುಖ ಸಿಂಡರಿಸುತ್ತಾರೆ, ಆದರೆ ಮೊಲದ ಮಟ್ಟಿಗೆ ಅದು ಹಸುವಿನ ಮೆಲುಕು ಇದ್ದ ಹಾಗೆ. ಮುಂದಿನ ಹಲ್ಲುಗಳು ವಾರಕ್ಕೆ ಸುಮಾರು 2 ಮಿ.ಮೀ. ಬೆಳೆಯುತ್ತಲೇ ಇರುತ್ತವೆ, ಒರಟು ಹುಲ್ಲು ಅಗಿದಗಿದೇ ಸವೆಯಬೇಕು. ಮೊಲ ಅರ್ಧ ದಿನ ಏನೂ ತಿನ್ನದೆ ಮೂಲೆಯಲ್ಲಿ ಮುದುಡಿ ಕೂತಿತೆಂದರೆ ಅದು ಮುನಿಸಲ್ಲ, ಡಾಕ್ಟರ ಹತ್ತಿರ ಓಡಬೇಕಾದ ಸಮಯ. ಹೊಸ ಸೊಪ್ಪನ್ನು ಒಮ್ಮೆಲೇ ಬುಟ್ಟಿ ತುಂಬ ಹಾಕಿದರೂ ಹೊಟ್ಟೆ ಕೆಡುತ್ತದೆ. ಹಾಗಾಗಿ ಮೊಲದ ಸೊಪ್ಪಿನಲ್ಲಿ "ಒಂದು ಸಲ ಹಾಕಿ ನೋಡೋಣ" ಅನ್ನುವ ಪ್ರಯೋಗಕ್ಕೆ ಜಾಗ ಇಲ್ಲ. ಹಾಕುವ ಮೊದಲೇ ಗೊತ್ತಿರಬೇಕು.

ಊರಿನಲ್ಲಿ ಕೇಳಿದರೆ ಬಹಳ ಜನ ಕೊಡುವ ಸಲಹೆ, "ಆಡಿಗೆ ಹಾಕೋದನ್ನೇ ಹಾಕಿ." ಆಡು ಮುಟ್ಟದ ಸೊಪ್ಪಿಲ್ಲ ಅಂತ ಗಾದೆಯೇ ಇದೆ. ಆದರೆ ಆಡಿನ ಹೊಟ್ಟೆ ಬೇರೆ, ಮೊಲದ ಹೊಟ್ಟೆ ಬೇರೆ. ಆಡಿನ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಎಷ್ಟೋ ವಿಷಗಳನ್ನು ರಕ್ತಕ್ಕೆ ಸೇರುವ ಮೊದಲೇ ಒಡೆದು ಹಾಕುತ್ತವೆ. ಮೊಲದಲ್ಲಿ ಆಹಾರ ಮೊದಲು ಸಣ್ಣ ಕರುಳನ್ನು ದಾಟಿ, ಆಮೇಲೆ ಆ ಚೀಲಕ್ಕೆ ಬರುತ್ತದೆ. ಅಷ್ಟು ಹೊತ್ತಿಗೆ ಸೇರಬೇಕಾದದ್ದು ರಕ್ತಕ್ಕೆ ಸೇರಿರುತ್ತದೆ. ಸುಬಾಬುಲ್ ಸೊಪ್ಪನ್ನು ಆಡುಗಳು ಆಸೆಪಟ್ಟು ತಿನ್ನುತ್ತವೆ. ಅದರಲ್ಲಿರುವ ಮಿಮೋಸಿನ್ ಎಂಬ ಅಂಶ ಮೊಲದ ಕೂದಲು ಉದುರಿಸುತ್ತದೆ. ನಮ್ಮ ಕಡೆ ತೆಂಗಿನ ತೋಟದ ಬದುಗಳಲ್ಲಿ ಸಾಲಾಗಿ ಇರುವ ಗ್ಲಿರಿಸೀಡಿಯ, ಅಂದರೆ ಎಲ್ಲರೂ ಗೊಬ್ಬರದ ಗಿಡ ಅನ್ನುವುದು, ಅದನ್ನೂ ಆಡು ತಿನ್ನುತ್ತದೆ. ಆ ಲ್ಯಾಟಿನ್ ಹೆಸರಿನ ಅರ್ಥವೇ ಇಲಿ ಕೊಲ್ಲುವ ಗಿಡ ಅಂತ. ಮೊಲಕ್ಕೆ ಅದು ಬೇಡ ಅಂತ ನಾವು ದೂರ ಇಟ್ಟಿದ್ದೇವೆ.

ಇನ್ನೊಂದು ಸಲಹೆ, "ನಮ್ಮನೆ ಮೊಲ ತಿಂತು, ಏನೂ ಆಗ್ಲಿಲ್ಲ." ಇದು ಇನ್ನೂ ಅಪಾಯದ್ದು. ಉಮ್ಮತ್ತಿ ಗಿಡವನ್ನೇ ತೆಗೆದುಕೊಳ್ಳಿ. ಅದರ ವಿಷದಲ್ಲಿ ಅಟ್ರೋಪಿನ್ ಇದೆ. ಕೆಲವು ಮೊಲಗಳ ರಕ್ತದಲ್ಲಿ ಅಟ್ರೋಪಿನ್ ಒಡೆಯುವ ಕಿಣ್ವ ಹುಟ್ಟಿನಿಂದಲೇ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಅದು ವಂಶದಿಂದ ಬರುವ ಗುಣ. ಪಕ್ಕದ ಮನೆಯ ಮೊಲ ತಿಂದು ಬದುಕಿತು ಅಂದರೆ ಆ ಮೊಲದ ಬಗ್ಗೆ ಒಂದು ವಿಷಯ ಗೊತ್ತಾಯಿತು ಅಷ್ಟೆ. ಗಿಡದ ಬಗ್ಗೆ ಏನೂ ಗೊತ್ತಾಗಲಿಲ್ಲ.

ಇನ್ನು ಹೆಸರಿನ ವಿಷಯ. ಹೆಸರು ಗೊತ್ತಾದರೆ ಗಿಡ ಗೊತ್ತಾದ ಹಾಗೆ ಅಂತ ಅನಿಸುವುದು ಸಹಜ. ಆದರೆ ನಮ್ಮ ಸೀಮೆಯಲ್ಲಿ ಗಣಿಕೆ ಸೊಪ್ಪು ಅಂತ ಒಂದಿದೆ. ಕಾಗೆಹಣ್ಣಿನ ಗಿಡ ಅಂತಲೂ ಕರೆಯುತ್ತಾರೆ. ಪುಟ್ಟ ಬಿಳಿ ನಕ್ಷತ್ರದ ಹೂ, ಗೊಂಚಲಲ್ಲಿ ಮೆಣಸಿನಕಾಳಿನಂಥ ಕಾಯಿ, ಹಣ್ಣಾದಾಗ ಕಪ್ಪು. ಬಾಯಿಹುಣ್ಣಿಗೆ ಒಳ್ಳೆಯದು ಅಂತ ಬೇಯಿಸಿ ಸಾರು ಮಾಡುತ್ತಾರೆ. ಇನ್ನೊಂದು ಮದ್ದುಗುಣಿಕೆ. ಅದು ಮೇಲೆ ಹೇಳಿದ ಉಮ್ಮತ್ತಿಯದೇ ಇನ್ನೊಂದು ಹೆಸರು. ಕಹಳೆಯಂಥ ಹೂ, ಮುಳ್ಳುಮುಳ್ಳಿನ ದುಂಡು ಕಾಯಿ, ಮನುಷ್ಯರ ತಲೆ ಕೆಡಿಸುವ ವಿಷ. ಗಣಿಕೆ, ಗುಣಿಕೆ. ಒಂದು ಕೊಂಬಿನ ವ್ಯತ್ಯಾಸ. ಸಂತೆಯ ಗದ್ದಲದಲ್ಲಿ ಯಾರೋ ಹೇಳಿದ್ದನ್ನು ಯಾರೋ ಕೇಳಿಸಿಕೊಂಡು ಬಂದರೆ ಸಾಕು. ತಮಾಷೆ ಏನೆಂದರೆ ಎರಡೂ ಒಂದೇ ಕುಟುಂಬದವು, ಬದನೆ, ಟೊಮೆಟೊ, ಆಲೂಗಡ್ಡೆಯ ಕುಟುಂಬ. ನಾವು ಬೇಯಿಸಿ ತಿನ್ನುವ ಗಣಿಕೆಯ ಹಸಿ ಎಲೆ, ಹಸಿರು ಕಾಯಿ ಕೂಡ ಮೊಲಕ್ಕೆ ಹಾಕುವಂಥದ್ದಲ್ಲ. ಮನುಷ್ಯರ ಅಡುಗೆಮನೆಯಲ್ಲಿ ಬೆಂಕಿ ಇದೆ, ಮೊಲದ ಗೂಡಿನಲ್ಲಿ ಇಲ್ಲ.

ಹೆಸರಿನ ಇನ್ನೊಂದು ತೊಂದರೆ, ಅದು ಹತ್ತು ಮೈಲಿಗೆ ಬದಲಾಗುತ್ತದೆ. ಗಾಯವಾದಾಗ ಎಲೆ ಅರೆದು ಹಚ್ಚುವ, ಉದ್ದ ತೊಟ್ಟಿನ ತುದಿಗೆ ಒಂದೇ ಹೂ ಬಿಡುವ ಟ್ರೈಡಾಕ್ಸ್ ಗಿಡ ಗೊತ್ತಲ್ಲ? ಕೆಲವರು ಅದನ್ನು ಜಯಂತಿ ಅನ್ನುತ್ತಾರೆ, ಕೆಲವರು ಗಬ್ಬು ಸೇವಂತಿ ಅನ್ನುತ್ತಾರೆ, ಎಷ್ಟೋ ಜನ "ಗಾಯದ ಸೊಪ್ಪು" ಅಂತ ಸುಮ್ಮನಾಗುತ್ತಾರೆ. ಅಮೆರಿಕದ ಬಿಸಿ ಸೀಮೆಯಿಂದ ಬಂದು ಎಲ್ಲ ಕಡೆ ನೆಲೆ ನಿಂತ ಗಿಡಕ್ಕೆ ಒಂದೇ ಹೆಸರು ಇರಲಿ ಅನ್ನುವುದಾದರೂ ಹೇಗೆ? ನಮ್ಮ ಮೊಲಗಳಿಗಂತೂ ಅದೆಂದರೆ ಪ್ರಾಣ.

ಪತ್ರಿಕೋದ್ಯಮದ ಕ್ಲಾಸಿನಲ್ಲಿ ನಮಗೆಲ್ಲ ತಲೆಗೆ ತುಂಬಿದ್ದ ಒಂದು ಮಾತಿತ್ತು: ಎರಡು ಕಡೆಯಿಂದ ಖಾತ್ರಿಯಾಗದೆ ಬರೆಯಬೇಡಿ, ಆ ಎರಡು ಕಡೆಯವರೂ ಒಬ್ಬರಿಂದೊಬ್ಬರು ಕೇಳಿಸಿಕೊಂಡವರಾಗಿರಬಾರದು. ಡೆಸ್ಕಿನಲ್ಲಿ ಅದನ್ನು ಎಷ್ಟು ಪಾಲಿಸಿದೆವೋ, ಸೊಪ್ಪಿನ ಕುಕ್ಕೆಯಲ್ಲಿ ಪೂರ್ತಿ ಪಾಲಿಸುತ್ತೇವೆ. ಒಂದು ಗಿಡಕ್ಕೆ ಕನಿಷ್ಠ ಮೂರು ಸಾಕ್ಷಿ ಬೇಕು. ಎಲೆ ಕಾಂಡಕ್ಕೆ ಹೇಗೆ ಕೂತಿದೆ, ಎದುರುಬದುರಾಗಿ ಜೋಡಿಯಾಗಿಯೋ, ಒಂದು ಬಿಟ್ಟು ಒಂದೋ? ಕಾಂಡ ಮುರಿದರೆ ಏನು ಬರುತ್ತದೆ, ನೀರೋ, ಹಾಲೋ, ಲೋಳೆಯೋ? ಉಜ್ಜಿದರೆ ವಾಸನೆ ಏನು? ಇವು ಮೂರೂ ಒಂದೇ ಮಾತು ಹೇಳಿದರೂ ಹೂ ನೋಡುವ ತನಕ ಹೊಸ ಗಿಡವನ್ನು ಕೊಯ್ಯುವುದಿಲ್ಲ. ಹೂ ಬರಲು ಎರಡು ವಾರ ಬೇಕಾದರೆ ಎರಡು ವಾರ ಕಾಯುತ್ತೇವೆ. ಗರಿಕೆ ಎಲ್ಲೂ ಓಡಿಹೋಗಿಲ್ಲ, ಅಷ್ಟು ದಿನ ಅದನ್ನೇ ತಿನ್ನಲಿ.

ಈ ಸಾಕ್ಷಿಗಳು ಹೇಗೆ ಕೆಲಸ ಮಾಡುತ್ತವೆ ಅಂತ ಮೂರು ಉದಾಹರಣೆ ಕೊಡುತ್ತೇವೆ.

ಗೋಣಿ ಸೊಪ್ಪು ನೆಲಕ್ಕೆ ಒರಗಿ ಹರಡುತ್ತದೆ. ಕಾಂಡ ಕೆಂಪಗೆ, ನುಣ್ಣಗೆ. ಎಲೆ ದಪ್ಪ, ಹಿಸುಕಿದರೆ ನೀರು. ಹೂ ಹಳದಿ, ಬೆಳಗಿನ ಬಿಸಿಲಿಗೆ ಅರಳುತ್ತದೆ. ಅದೇ ಜಾಗದಲ್ಲಿ, ಎಷ್ಟೋ ಸಲ ಅದರ ಪಕ್ಕದಲ್ಲೇ, ಹಾಗೇ ಕೆಂಪು ಕಾಂಡ ಬಿಟ್ಟುಕೊಂಡು ನೆಲಕ್ಕೆ ಅಂಟಿ ಹರಡುವ ಸಣ್ಣ ಹಾಲುಗಿಡಗಳಿವೆ. ದೂರದಿಂದ ಎರಡೂ ಒಂದೇ. ಹತ್ತಿರ ಕೂತರೆ ಹಾಲುಗಿಡದ ಎಲೆ ತೆಳ್ಳಗೆ, ಚಿವುಟಿದ ಕೂಡಲೇ ಬಿಳಿ ಹಾಲು. ಆ ಹಾಲು ಬಾಯಿ, ಕರುಳು ಎಲ್ಲ ಉರಿಸುತ್ತದೆ. ಚಿವುಟಿ ನೋಡುವುದು ಒಂದು ಕ್ಷಣದ ಕೆಲಸ. ಅಸಲಿ ಗೋಣಿ ಸೊಪ್ಪನ್ನೂ ನಾವು ಒಂದು ಹಿಡಿಗಿಂತ ಹೆಚ್ಚು ಹಾಕುವುದಿಲ್ಲ. ಅದರಲ್ಲಿ ಆಕ್ಸಲೇಟ್ ಜಾಸ್ತಿ.

ಟ್ರೈಡಾಕ್ಸ್‌ಗೆ ಜೋಡಿ ನಾಯಿತುಳಸಿ. ಊರಾಲ ಗಿಡ ಅಂತಲೂ ಹೇಳುತ್ತಾರೆ. ಎರಡಕ್ಕೂ ಎಲೆ ಎದುರುಬದುರು, ಎರಡಕ್ಕೂ ಅಂಚಿನಲ್ಲಿ ಹಲ್ಲು, ಎರಡಕ್ಕೂ ಮೈತುಂಬ ರೋಮ. ಹೂ ಬಿಟ್ಟಾಗ ಗೊಂದಲವೇ ಇಲ್ಲ. ಟ್ರೈಡಾಕ್ಸ್‌ಗೆ ನಡುವೆ ಹಳದಿ, ಸುತ್ತ ತುದಿ ಸೀಳಿದ ನಾಲ್ಕೈದು ಬೆಳ್ಳನೆಯ ದಳ, ಒಂಟಿ ಹೂ. ನಾಯಿತುಳಸಿಗೆ ಗೊಂಚಲು ಗೊಂಚಲಾಗಿ ತಿಳಿನೀಲಿಯ ಬುರುಗು ಬುರುಗು ಹೂ. ಹೂ ಇಲ್ಲದಾಗ ನಿಲುವು ನೋಡಬೇಕು, ಟ್ರೈಡಾಕ್ಸ್ ನೆಲದ ಮೇಲೆ ತೆವಳಿ ತಲೆ ಎತ್ತುತ್ತದೆ, ನಾಯಿತುಳಸಿ ನೆಟ್ಟಗೆ ನಿಲ್ಲುತ್ತದೆ. ಆಮೇಲೆ ವಾಸನೆ. ನಾಯಿತುಳಸಿಯ ಎಲೆ ಉಜ್ಜಿದ ಬೆರಳನ್ನು ಊಟದ ಹೊತ್ತಿಗೂ ಮೂಗು ಮರೆಯುವುದಿಲ್ಲ. ಅದರಲ್ಲಿ ಯಕೃತ್ತನ್ನು ನಿಧಾನವಾಗಿ ಹಾಳುಮಾಡುವ ಅಂಶಗಳಿವೆ. ನಿಧಾನವಾಗಿ ಅನ್ನುವುದೇ ಕಷ್ಟ. ಇವತ್ತು ತಿಂದದ್ದು ಇವತ್ತೇ ದೂರು ಹೇಳುವುದಿಲ್ಲ.

ಮೂರನೆಯದು ಪಾರ್ಥೇನಿಯಂ, ನಮ್ಮೆಲ್ಲರ ಕಾಂಗ್ರೆಸ್ ಗಿಡ. ದೊಡ್ಡದಾದ ಮೇಲೆ ಅದನ್ನು ಗುರುತಿಸದವರು ಯಾರೂ ಇಲ್ಲ. ಆದರೆ ಮಳೆ ಬಿದ್ದ ಎರಡು ಮೂರು ವಾರಕ್ಕೆ ನೆಲದ ಮೇಲೆ ಚಕ್ರದಂತೆ ಎಲೆ ಹರಡಿಕೊಂಡು ಕೂತಿರುವಾಗ ಅದು ಥೇಟು ಕ್ಯಾರೆಟ್ ಸೊಪ್ಪು. ಇಂಗ್ಲಿಷಿನಲ್ಲಿ ಅದಕ್ಕೆ ಕ್ಯಾರೆಟ್ ಗ್ರಾಸ್ ಅನ್ನುವ ಹೆಸರೂ ಇದೆ. ಮೊಲಕ್ಕೆ ಕ್ಯಾರೆಟ್ ಅನ್ನುವವರು ಇಲ್ಲಿ ಜೋಪಾನ. ಚರ್ಮಕ್ಕೆ ತಾಕಿದರೆ ತುರಿಕೆ, ಹಸು ತಿಂದರೆ ಹಾಲು ಕಹಿ. ಇದಕ್ಕೆ ಮಳೆಗಾಲದಲ್ಲಿ ಒಬ್ಬ ಒಳ್ಳೆಯ ಸಾಕ್ಷಿದಾರ ಸಿಗುತ್ತಾನೆ. ಬಿಳಿಹಳದಿ ಬೆನ್ನಿನ ಮೇಲೆ ಕಂದು ಗೀಟುಗಳಿರುವ ಪುಟ್ಟ ಜೀರುಂಡೆ. ಮೆಕ್ಸಿಕೊದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜೀರುಂಡೆಯ ಸಂತತಿ ಅದು. ಹೆಚ್ಚಾಗಿ ಪಾರ್ಥೇನಿಯಂ ಎಲೆಯನ್ನೇ ತಿಂದು ಬದುಕುತ್ತದೆ. ಕ್ಯಾರೆಟ್ ಸೊಪ್ಪಿನಂಥ ಗಿಡದ ಮೇಲೆ ಅದು ಗುಂಪಾಗಿ ಕೂತಿದ್ದರೆ ಮಗಳು ದೂರದಿಂದಲೇ ಕೂಗುತ್ತಾಳೆ, "ಇದು ಬ್ಯಾಡ!"

ಫೋನಿನ ಆಪ್ ಇದೆಯಲ್ಲ ಅಂತ ಕೇಳಬಹುದು. ಇದೆ, ಬಳಸುತ್ತೇವೆ. ಹೂ ಇದ್ದರೆ ಬಹಳ ಸಲ ಸರಿಯಾಗಿಯೇ ಹೇಳುತ್ತದೆ. ಎಳೆ ಗಿಡ ತೋರಿಸಿದರೆ ಅಷ್ಟೇ ಧೈರ್ಯದಿಂದ ಏನೋ ಒಂದನ್ನು ಹೇಳುತ್ತದೆ. ಆಪಿನ ಉತ್ತರವನ್ನು ನಾವು ಸುಳಿವು ಅಂತ ಇಟ್ಟುಕೊಳ್ಳುತ್ತೇವೆ, ಸಾಕ್ಷಿ ಅಂತ ಅಲ್ಲ. ಪುಸ್ತಕಗಳೂ ಇವೆ. 1976ರಲ್ಲಿ ಬಂದ ಸಲ್ಡಾನಾ ಮತ್ತು ನಿಕಲ್ಸನ್ ಅವರ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ದೊಡ್ಡ ಗ್ರಂಥ ನಮ್ಮ ಸೀಮೆಗೂ ಬಹಳ ಮಟ್ಟಿಗೆ ಹೊಂದುತ್ತದೆ. ಗಿಡ ಗುರುತಿಸುವ ಕೆಲಸವನ್ನು ನಗುನಗುತ್ತಾ ಓದುವ ಹಾಗೆ ಕನ್ನಡದಲ್ಲಿ ಬರೆದವರು ಬಿ.ಜಿ.ಎಲ್. ಸ್ವಾಮಿ. ಅವರ 'ಹಸುರು ಹೊನ್ನು' ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇವೆಲ್ಲ ಬೇಕು. ಆದರೆ ನಮಗೆ ನಿಜವಾಗಿ ಕಲಿಸಿದವರು ಪುಸ್ತಕ ಓದದವರು.

ರಾಗಿ ಹೊಲದಲ್ಲಿ ಕಳೆ ಕೀಳುವ ಹೆಂಗಸರನ್ನು ನೋಡಿದ್ದೀರಾ? ನೋಡಿರುತ್ತೀರಿ, ಆದರೆ ಅವರ ಕೈ ನೋಡಿರಲಿಕ್ಕಿಲ್ಲ. ಎಳೆ ರಾಗಿ ಪೈರಿನ ಪಕ್ಕದಲ್ಲೇ ಕಾಡುರಾಗಿ ಹುಟ್ಟುತ್ತದೆ. ಎರಡೂ ಒಂದೇ ಬಣ್ಣ, ಒಂದೇ ಎತ್ತರ, ಒಂದೇ ಎಲೆ. ನಾವು ಮಂಡಿಯೂರಿ ಎರಡು ನಿಮಿಷ ನೋಡಿ ಒಂದನ್ನು ತೀರ್ಮಾನಿಸುವ ಹೊತ್ತಿಗೆ ಅವರು ಮಾತಾಡುತ್ತಾ, ವೀಳ್ಯ ಜಗಿಯುತ್ತಾ, ಒಂದು ಮಾರು ಮುಂದೆ ಹೋಗಿರುತ್ತಾರೆ. ಕಣ್ಣು ಮಾತಿನ ಕಡೆ, ಬೆರಳು ಬುಡದ ಕಡೆ. ಕೈಗೆ ಬಂದದ್ದು ಕಾಡುರಾಗಿಯೇ. ನಮ್ಮ ಹೊಲಕ್ಕೆ ಬರುತ್ತಿದ್ದ ಹಿರಿಯ ಹೆಂಗಸೊಬ್ಬರನ್ನು "ಹೆಂಗೆ ಗೊತ್ತಾಗುತ್ತೆ?" ಅಂತ ಕೇಳಿದೆವು. "ನಿಮ್ ಮಗ್ಳು ಹತ್ತು ಮಕ್ಳಲ್ಲಿ ನಿಂತಿದ್ರೆ ನಿಮ್ಗೆಂಗೆ ಗೊತ್ತಾಯ್ತದೆ?" ಅಂದರು.

ಅವರ ಹಿಂದೆ ಒಂದು ಮಳೆಗಾಲ ಕುಕ್ಕೆ ಹಿಡಿದು ತಿರುಗಿದೆವು. ಅವರು ಕಿತ್ತು ಎಸೆಯುವುದರಲ್ಲಿ ಮೂರು ಪಾಲು ಮಾಡುತ್ತಿದ್ದರು. ಬದುವಿಗೆ ಬಿಸಾಕುವುದು, ದನಕ್ಕೆ ಹಾಕುವುದು, ಮಡಿಲಿಗೆ ಹಾಕಿಕೊಳ್ಳುವುದು. ಮಡಿಲಿನ ಪಾಲು ಸಂಜೆಗೆ ಬೆರಕೆ ಸೊಪ್ಪಿನ ಸಾರು. ಅಣ್ಣೆ, ಕೀರೆ, ಗೋಣಿ, ಹೊನಗೊನೆ, ಕನ್ನೆ, ಹೀಗೆ ಹತ್ತಾರು ಸೊಪ್ಪು, ಕಾಸಿಲ್ಲದ ಊಟ. ನಮ್ಮ ಮೊಲದ ಕುಕ್ಕೆಯೂ ಆ ಮಡಿಲಿನ ತಮ್ಮನೇ ಅಂತ ಆಗ ಗೊತ್ತಾಯಿತು. ಬೇಡವಾದದ್ದು ಎಂದು ನಾವು ಕರೆಯುವ ಕಳೆಯಲ್ಲಿ ಅವರಿಗೆ ಬೇಡವಾದದ್ದು ಸ್ವಲ್ಪವೇ. ಅವರೇ ಹೇಳಿಕೊಟ್ಟದ್ದು, ತಿಪ್ಪೆ ಪಕ್ಕದಲ್ಲಿ ಕೊಬ್ಬಿ ಬೆಳೆದ ಕೀರೆ ಸೊಪ್ಪು ಕೀಳಬೇಡಿ ಅಂತ. "ತಿಪ್ಪೇದು ಉರಿ" ಅಂದರು. ಆಮೇಲೆ ಓದಿದಾಗ ಕಾರಣ ಸಿಕ್ಕಿತು. ಗೊಬ್ಬರ ಹೆಚ್ಚಾದ ನೆಲದಲ್ಲಿ ಹರಿವೆ ಜಾತಿಯ ಗಿಡಗಳು ನೈಟ್ರೇಟ್ ತುಂಬಿಕೊಳ್ಳುತ್ತವೆ. ಮಳೆ ಕೈಕೊಟ್ಟು ಕುಗ್ಗಿದ ಎಳೆ ಜೋಳದ ಪೈರಿನ ವಿಷವೂ ಅವರಿಗೆ ಗೊತ್ತು, ದನ ಬಿಟ್ಟವರಿಗೆಲ್ಲ ಗೊತ್ತು. ಅಂದರೆ ಗಿಡ ಯಾವುದು ಅನ್ನುವುದು ಅರ್ಧ ಗುರುತು. ಯಾವ ವಯಸ್ಸಿನದು, ಯಾವ ನೆಲದ್ದು ಅನ್ನುವುದು ಇನ್ನರ್ಧ.

ಆ ಇನ್ನರ್ಧವನ್ನು ಹೇಳಲಿಕ್ಕೇ ಇಷ್ಟೆಲ್ಲ ಬರೆದದ್ದು.

ಹೋದ ವರ್ಷ ಆರಿದ್ರಾ ಮಳೆಯ ದಿನಗಳಲ್ಲಿ ಪಕ್ಕದ ಬೀದಿಯ ಹುಡುಗನೊಬ್ಬ ತನ್ನ ಮೊಲವನ್ನು ಟವೆಲಿನಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದ. ಮೊಲ ಕತ್ತು ಎತ್ತುತ್ತಿರಲಿಲ್ಲ. ಪಶು ಆಸ್ಪತ್ರೆಗೆ ಬೈಕಿನಲ್ಲಿ ಓಡಿದೆವು. ಡಾಕ್ಟರು ಕೈಲಾದದ್ದು ಮಾಡಿದರು. ಬೆಳಗಿನ ಹೊತ್ತಿಗೆ ಹೋಗಿಬಿಟ್ಟಿತ್ತು. ಹುಡುಗ ತಂದಿದ್ದ ಸೊಪ್ಪಿನಲ್ಲಿ ಉಳಿದದ್ದನ್ನು ಒಂದೊಂದೇ ಎಲೆ ಬಿಡಿಸಿ ನೋಡಿದೆವು. ಅಪ್ಪಟ ಹೊನಗೊನೆ. ಎದುರುಬದುರು ಎಲೆ, ಎಲೆಯ ಬುಡದಲ್ಲಿ ಬಿಳಿ ಗುಂಡು ಹೂ. ಬೇರೆ ಒಂದು ಎಲೆಯೂ ಇರಲಿಲ್ಲ. ತಂದದ್ದು ಒಂದು ತೋಟದ ಕಾಲುವೆ ಅಂಚಿನಿಂದ. ಅಲ್ಲಿ ಹಿಂದಿನ ದಿನ ಮಧ್ಯಾಹ್ನ ಕಳೆನಾಶಕ ಹೊಡೆದಿದ್ದರು. ಹೊಡೆದವರು ಒಂದು ಕಡ್ಡಿ ನೆಟ್ಟು ಚಿಂದಿ ಬಟ್ಟೆ ಕಟ್ಟಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಹುಡುಗ ಅಳುತ್ತಾ ಕೇಳಿದ್ದು ಒಂದೇ ಮಾತು, "ಸೊಪ್ಪು ಸರೀಗಿತ್ತಲ್ವಾ?" ಸರಿಯಾಗಿಯೇ ಇತ್ತು. ಅವನು ಗುರುತಿಸಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ.

ಆ ಮೇಲೆ ನಾವು ಕಳೆನಾಶಕಗಳ ಬಗ್ಗೆ ಗಿಡದಷ್ಟೇ ಗಮನ ಕೊಟ್ಟು ತಿಳಿದುಕೊಂಡೆವು. ಪ್ಯಾರಾಕ್ವಾಟ್ ಹೊಡೆದರೆ ಬಿಸಿಲಿಗೆ ಕೆಲವೇ ಗಂಟೆಗಳಲ್ಲಿ ಎಲೆ ಸುಡಲು ಶುರು, ಮಾರನೇ ದಿನ ಕಂದು. 2,4-ಡಿ ಹೊಡೆದರೆ ಅಗಲ ಎಲೆಯ ಗಿಡಗಳು ತಿರುಚಿಕೊಳ್ಳುತ್ತವೆ, ಹುಲ್ಲು ಹಾಗೇ ಇರುತ್ತದೆ. ಗ್ಲೈಫೋಸೇಟ್ ನಿಧಾನ. ಹೊಡೆದು ನಾಲ್ಕೈದು ದಿನ, ಕೆಲವು ಗಿಡಗಳಲ್ಲಿ ವಾರ ಕಳೆದರೂ ಹಸಿರಾಗಿಯೇ ಕಾಣುತ್ತದೆ. ಎಲ್ಲಕ್ಕಿಂತ ಎದೆ ಝಲ್ ಅನಿಸಿದ್ದು ಕನ್ನೆ ಸೊಪ್ಪಿನ ವಿಷಯ. ನೀಲಿ ಹೂವಿನ, ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಮುದುಡುವ, ಮಣ್ಣಿನೊಳಗೂ ಹೂ ಬಿಟ್ಟು ಬೀಜ ಕಟ್ಟುವ ಕನ್ನೆ ಸೊಪ್ಪು ಗ್ಲೈಫೋಸೇಟನ್ನು ತಾಳಿಕೊಳ್ಳುವ ಗಿಡ. ಸುತ್ತಲಿನದೆಲ್ಲ ಹಳದಿಯಾದಾಗ ಅದೊಂದೇ ನಳನಳಿಸುತ್ತಾ ನಿಂತಿರುತ್ತದೆ. ಹತ್ತಿಗೂ ಎಳ್ಳಿಗೂ ಪಂಚಪ್ರಾಣವಾದ ಸೊಪ್ಪು, ಮದ್ದು ಕುಡಿದ ನೆಲದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕಾಣುವ ಸೊಪ್ಪೂ ಅದೇ. ಹಸಿರಾಗಿದೆ ಅನ್ನುವುದು ಒಂದು ಕಾಲದಲ್ಲಿ ನಂಬಿಕೆಯ ಗುರುತು. ಈಗ ಅದನ್ನೂ ವಿಚಾರಿಸಬೇಕು.

2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಗ್ಲೈಫೋಸೇಟನ್ನು ಕೀಟ ನಿಯಂತ್ರಣ ನಿರ್ವಾಹಕರು ಬಿಟ್ಟು ಬೇರೆ ಯಾರೂ ಬಳಸುವಂತಿಲ್ಲ ಅಂತ ಅಧಿಸೂಚನೆ ಹೊರಡಿಸಿತು. ನಮ್ಮೂರಿನ ದಾರಿಯಲ್ಲಿ ಬೆನ್ನಿಗೆ ಕ್ಯಾನ್ ಕಟ್ಟಿಕೊಂಡು ಹೋಗುವವರು ಅವರೇ, ಹೋದ ವರ್ಷದವರೇ. ಅವರನ್ನು ಬೈದು ಪ್ರಯೋಜನ ಇಲ್ಲ. ಕಳೆ ಕೀಳಲು ಆಳು ಸಿಗುವುದಿಲ್ಲ ಅನ್ನುವುದು ಸುಳ್ಳಲ್ಲ, ಸಿಕ್ಕರೆ ಕೂಲಿ ಕೊಟ್ಟು ರಾಗಿ ಬೆಳೆದು ಗಿಟ್ಟುವುದಿಲ್ಲ ಅನ್ನುವುದೂ ಸುಳ್ಳಲ್ಲ. ಹತ್ತು ಹೆಂಗಸರು ಎರಡು ದಿನ ಮಾಡುತ್ತಿದ್ದ ಕೆಲಸವನ್ನು ಒಬ್ಬ ಗಂಡಸು ಒಂದು ಬೆಳಿಗ್ಗೆ ಮುಗಿಸುತ್ತಾನೆ. ಆದರೆ ಆ ಲೆಕ್ಕದಲ್ಲಿ ಬಿಟ್ಟುಹೋದದ್ದು ಏನೇನು ಅಂತ ಬರೆದಿಡುವವರು ಬೇಕಲ್ಲ. ಹೋದದ್ದು ಹತ್ತು ಜನರ ಎರಡು ದಿನದ ಕೂಲಿ. ಹತ್ತು ಮನೆಯ ಬೆರಕೆ ಸೊಪ್ಪಿನ ಸಾರು. ಹತ್ತು ಜೋಡಿ ಕೈ ಮುಂದಿನ ತಲೆಮಾರಿನ ಹತ್ತು ಜೋಡಿ ಕೈಗೆ ಕಲಿಸಬೇಕಾಗಿದ್ದ ಗುರುತು. ನಮಗೆ ಕಲಿಸಿದ ಆ ಹಿರಿಯ ಹೆಂಗಸಿನ ಸೊಸೆ ತಿಪಟೂರಿನ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಬೆರಕೆ ಸೊಪ್ಪನ್ನು ಅವಳು ಸಂತೆಯಲ್ಲಿ ಕಟ್ಟಿಗೆ ಇಪ್ಪತ್ತು ರೂಪಾಯಿ ಕೊಟ್ಟು ತರುತ್ತಾಳೆ, ಆ ಕಟ್ಟು ಯಾವ ನೆಲದ್ದು ಅಂತ ಕೇಳುವ ಹಾಗಿಲ್ಲ.

ನಾವು ಮೊಲ ತಂದ ವರ್ಷ ಸೊಪ್ಪು ಕೊಯ್ಯಲು ಹನ್ನೊಂದು ಬದು ಇದ್ದವು. ಈಗ ಧೈರ್ಯವಾಗಿ ಕೈ ಹಾಕುವುದು ನಾಲ್ಕಕ್ಕೆ. ಎರಡು ನಮ್ಮವು, ಒಂದು ಸ್ಮಶಾನದ ಪಕ್ಕದ್ದು, ಇನ್ನೊಂದು ಹೊಡೆಯುವ ಮುಂಚೆ ಫೋನ್ ಮಾಡಿ ಹೇಳುವ ಒಬ್ಬ ರೈತರದ್ದು. ರಸ್ತೆ ಬದಿಯದನ್ನು ಮುಟ್ಟುವುದಿಲ್ಲ. ಬೇರೆಯವರ ಹೊಲದಲ್ಲಿ ಕೇಳದೆ ಕೊಯ್ಯುವುದಿಲ್ಲ. ಇದು ಬರೀ ಮರ್ಯಾದೆಯ ಮಾತಲ್ಲ, ಕೇಳಿದಾಗಲೇ "ಮೊನ್ನೆ ಹೊಡ್ದಿದೀವಿ, ಬ್ಯಾಡ" ಅನ್ನುವ ಉತ್ತರ ಸಿಗುವುದು. ಮನೆಯ ಹಿಂದೆ ಎರಡು ಗುಂಟೆಯಷ್ಟು ಜಾಗವನ್ನು ಉಳದೆ, ಹೊಡೆಯದೆ ಬಿಟ್ಟಿದ್ದೇವೆ. ನೋಡಿದವರು ಸೋಮಾರಿಗಳು ಅಂದುಕೊಳ್ಳುತ್ತಾರೆ. ಅಲ್ಲಿ ಗರಿಕೆ, ಕನ್ನೆ, ಟ್ರೈಡಾಕ್ಸ್, ಅಣ್ಣೆ ತಾವಾಗಿಯೇ ಬಂದಿವೆ. ಕನ್ನಡದಲ್ಲಿ ಕಳೆ ಅಂದರೆ ಕಾಂತಿ ಅಂತಲೂ ಅರ್ಥ ಇದೆ, ಆ ಎರಡು ಗುಂಟೆ ನೋಡಿದಾಗ ಆ ಅರ್ಥವೇ ಮೊದಲು ನೆನಪಾಗುತ್ತದೆ. ಮಳೆಗಾಲದಲ್ಲಿ ಹೆಚ್ಚಾದ ಗರಿಕೆಯನ್ನು ನೆರಳಲ್ಲಿ ಒಣಗಿಸಿ ಬೇಸಗೆಗೆ ಕಟ್ಟಿಡುತ್ತೇವೆ. ಅದಕ್ಕೆ ರಾಗಿ ಹುಲ್ಲು ಸೇರಿದರೆ ಭರಣಿ ಮಳೆ ಬರುವ ತನಕ ಹೇಗೋ ನಡೆಯುತ್ತದೆ.

ಮೊಲ ಸಾಕಬೇಕು ಅಂತ ಇರುವವರಿಗೆ ನಮ್ಮ ಮಾತು ಇಷ್ಟು. ಐವತ್ತು ಗಿಡ ಕಲಿಯಬೇಡಿ, ಐದು ಕಲಿಯಿರಿ. ಗರಿಕೆಯಿಂದ ಶುರು ಮಾಡಿ. ಆ ಐದನ್ನು ಮೊಳಕೆಯಲ್ಲಿ, ಹೂವಿನಲ್ಲಿ, ಒಣಗಿದಾಗ, ಮೂರು ರೂಪದಲ್ಲೂ ಗುರುತಿಸುವ ಹಾಗಾಗಲಿ. ಅದರ ಜೊತೆಗೆ ನಿಮ್ಮ ಬದುವಿನ ಐದು ವಿಷದ ಗಿಡ ಕಲಿಯಿರಿ, ಅವು ಇನ್ನೂ ಮುಖ್ಯ. ಅನುಮಾನ ಬಂದ ಎಲೆಯನ್ನು ಅಲ್ಲೇ ಬಿಟ್ಟು ಬನ್ನಿ, ಮೊಲ ಒಂದು ಹೊತ್ತು ಬರೀ ಒಣಹುಲ್ಲು ತಿಂದರೆ ಏನೂ ಆಗುವುದಿಲ್ಲ. ಕಳೆನಾಶಕ ಹೊಡೆಯುವವರು ನೀವಾಗಿದ್ದರೆ ಒಂದು ಕಡ್ಡಿಗೆ ಒಂದು ಕೆಂಪು ಬಟ್ಟೆ ಕಟ್ಟಿ, ಎರಡು ವಾರ ಹಾಗೇ ಬಿಡಿ. ಮೊಲ ಸಾಕುವ ಮಕ್ಕಳಿಗೂ, ಆಡು ಮೇಯಿಸುವವರಿಗೂ, ಮಡಿಲಿಗೆ ಸೊಪ್ಪು ಹಾಕಿಕೊಳ್ಳುವವರಿಗೂ ಆ ಬಟ್ಟೆ ಸಾಕು.

ನಿಮ್ಮೂರಿನಲ್ಲಿ ಇನ್ನೂ ಕೈಯಲ್ಲಿ ಕಳೆ ಕೀಳುವವರು ಇದ್ದರೆ ಈ ಮಳೆಗಾಲದಲ್ಲಿ ಒಂದು ದಿನ ಅವರ ಸಾಲಿನಲ್ಲಿ ಕೂತು ನೋಡಿ. ಒಂದು ನೋಟ್ ಬುಕ್ ಇರಲಿ. ಅವರು ಹೇಳುವ ಹೆಸರನ್ನು ಅವರು ಹೇಳಿದ ಹಾಗೇ ಬರೆದುಕೊಳ್ಳಿ, ಪಕ್ಕದಲ್ಲಿ ಎ​ಲೆಯನ್ನು ಒಣಗಿಸಿ ಅಂಟಿಸಿ. ಮಗಳ ನೋಟ್ ಬುಕ್ಕಿನಲ್ಲಿ ಈಗ ಮೂವತ್ತೆರಡು ಎಲೆ ಇವೆ. ಅದರಲ್ಲಿ ಹತ್ತೊಂಬತ್ತರ ಮುಂದೆ "ಮೊಲಕ್ಕೆ ಸರಿ" ಅಂತ ಬರೆದಿದ್ದಾಳೆ, ಉಳಿದವುಗಳ ಮುಂದೆ ಕೆಂಪು ಪೆನ್ನಿನ ಗೀಟು. ಆ ಹುಡುಗ ಮತ್ತೆ ಎರಡು ಮರಿ ತಂದಿದ್ದಾನೆ. ವಾರಕ್ಕೊಂದು ಸಲ ಬಂದು ಆ ನೋಟ್ ಬುಕ್ ನೋಡಿಕೊಂಡು ಹೋಗುತ್ತಾನೆ. ಹೋದ ವಾರ ಪ್ರತಿ ಎಲೆಯ ಕೆಳಗೆ ಇನ್ನೊಂದು ಸಾಲು ಸೇರಿಸಲು ಹೇಳಿದ: "ಎಲ್ಲಿ ಕಿತ್ತಿದ್ದು?"